ಉಸಿರಿನ ಸಾಕ್ಷ್ಯ: ಒಂದು ಯಂತ್ರದ ಚರಿತ್ರೆ

ಮದ್ಯಪಾನ ನಿಷಿದ್ಧವೆಂದು ನಂಬಿ ಬಾಳುವ ನಮಗೂ ಪೊಲೀಸರ ಕೈಯಲ್ಲಿರುವ ಉಸಿರು ತಪಾಸಣೆಯ ಯಂತ್ರಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಬಸ್ಸು, ಲಾರಿ, ಆಟೋ ಓಡಿಸುವವರ ದುಡಿಮೆಯಿಂದ. ಅವರಲ್ಲೊಬ್ಬನ ಉಸಿರಿಗೆ ಯಂತ್ರ ತಪ್ಪು ಅಂಕೆ ತೋರಿಸಿದರೆ ದಂಡ ಕಟ್ಟಿ ಮುಗಿಯುವುದಿಲ್ಲ. ಲೈಸೆನ್ಸ್ ಹೋಗಬಹುದು, ಕೆಲಸ ಹೋಗಬಹುದು, ಜಮಾಅತಿನಲ್ಲಿ ತಲೆಯೆತ್ತಿ ನಡೆಯುವುದೂ ಕಷ್ಟವಾಗಬಹುದು. ಕುಡಿದು ವಾಹನ ಓಡಿಸುವವನ ಪರವಾಗಿ ನಾನಿಲ್ಲಿ ವಕಾಲತ್ತು ಮಾಡುತ್ತಿಲ್ಲ. ಅವನನ್ನು ಹಿಡಿಯುವ ಯಂತ್ರದ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ಯಂತ್ರಕ್ಕಿಂತ ಬಹಳ ಹಳೆಯದು. ಪ್ರವಾದಿ(ಸ)ರ ಮುಂದೆ ಬಂದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಮಾಇಝ್‌ರ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಇವರು ಮದ್ಯ ಸೇವಿಸಿರುವರೇ ಎಂದು ಪ್ರವಾದಿ(ಸ)ರು ಕೇಳಿದಾಗ ಒಬ್ಬರು ಎದ್ದು ಅವರ ಬಾಯಿಯ ವಾಸನೆ ನೋಡಿದರು. ಮದ್ಯದ ವಾಸನೆ ಇರಲಿಲ್ಲ. ಬಾಯಿಯ ವಾಸನೆಯೊಂದನ್ನೇ ನಂಬಿ ಶಿಕ್ಷಿಸಬಹುದೇ ಎಂಬುದನ್ನು ಮುಂದೆ ಕರ್ಮಶಾಸ್ತ್ರದ ವಿದ್ವಾಂಸರು ದೀರ್ಘವಾಗಿ ಚರ್ಚಿಸಿದರು. ಮಾಲಿಕೀಗಳು ವಾಸನೆಯನ್ನೂ ಸಾಕ್ಷ್ಯವೆಂದು ಒಪ್ಪಿದರು. ಹನಫಿ, ಶಾಫಿಈ ವಿದ್ವಾಂಸರು ಒಪ್ಪಲಿಲ್ಲ. ಕ್ರಿ.ಶ. 1223ರಲ್ಲಿ ನಿಧನರಾದ ಹಂಬಲೀ ವಿದ್ವಾಂಸ ಇಬ್ನು ಖುದಾಮ ತಮ್ಮ 'ಅಲ್ ಮುಗ್ನಿ' ಗ್ರಂಥದಲ್ಲಿ ಕೊಡುವ ಕಾರಣಗಳನ್ನು ನೋಡಿ: ಆತ ನೀರೆಂದು ತಿಳಿದು ಬಾಯಿಗೆ ಹಾಕಿ ಉಗುಳಿರಬಹುದು, ಬಾಯಿ ಮುಕ್ಕಳಿಸಿರಬಹುದು, ಯಾರೋ ಬಲವಂತವಾಗಿ ಕುಡಿಸಿರಬಹುದು, ಚೆನ್ನಾಗಿ ಮಾಗಿದ ಬೋರೆಹಣ್ಣು ತಿಂದಿರಬಹುದು, ಸೇಬಿನ ಪಾನಕ ಕುಡಿದಿರಬಹುದು. ಈ ಹಣ್ಣಿನ ಮಾತನ್ನು ನೆನಪಿಟ್ಟುಕೊಳ್ಳಿ.

ಮೂಗಿನ ಕೆಲಸವನ್ನು ರಸಾಯನಶಾಸ್ತ್ರಕ್ಕೆ ಒಪ್ಪಿಸಿದವರು ಅಮೆರಿಕದವರು. 1927ರಲ್ಲಿ ಎಮಿಲ್ ಬೋಗನ್ ಎಂಬ ವೈದ್ಯರು ಫುಟ್‌ಬಾಲಿನ ಬ್ಲಾಡರಿಗೆ ಉಸಿರು ತುಂಬಿಸಿ ಅದರಲ್ಲಿನ ಆಲ್ಕೋಹಾಲ್ ಅಳೆದು ಪ್ರಕಟಿಸಿದರು. 1931ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ರೊಲ್ಲಾ ಹಾರ್ಗರ್ 'ಡ್ರಂಕೋಮೀಟರ್' ರೂಪಿಸಿದರು. ಬಲೂನಿನಲ್ಲಿ ಹಿಡಿದ ಉಸಿರನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದೊಳಗೆ ಹಾಯಿಸುವುದು. ನಾವು ಬಾವಿಗೆ ಹಾಕುವ ಆ ನೇರಳೆ ಪುಡಿಯೇ. ಆಲ್ಕೋಹಾಲ್ ಇದ್ದರೆ ಬಣ್ಣ ಮಾಯವಾಗುತ್ತದೆ. 1938ರ ಡಿಸೆಂಬರ್ 31ರ ರಾತ್ರಿ ಇಂಡಿಯಾನಾಪೊಲಿಸ್ ಪೊಲೀಸರು ಅದನ್ನು ಬೀದಿಗೆ ತಂದರು. 1954ರಲ್ಲಿ ಅದೇ ರಾಜ್ಯದ ಪೊಲೀಸ್ ಅಧಿಕಾರಿ ರಾಬರ್ಟ್ ಬೋರ್ಕೆನ್‌ಸ್ಟೀನ್ ಬಣ್ಣ ಅಳೆಯುವ ಕೆಲಸವನ್ನು ಕಣ್ಣಿನಿಂದ ಬೆಳಕಿನ ಮಾಪಕಕ್ಕೆ ವರ್ಗಾಯಿಸಿ 'ಬ್ರೆತಲೈಸರ್' ಮಾಡಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾನೂನು ಕೇಳುವುದು ರಕ್ತದಲ್ಲಿನ ಆಲ್ಕೋಹಾಲ್. ಯಂತ್ರ ನೋಡುವುದು ಉಸಿರನ್ನು. ಎರಡರ ನಡುವೆ ಒಂದು ಲೆಕ್ಕದ ಸೇತುವೆ ಇದೆ. 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಆಲ್ಕೋಹಾಲ್ 1 ಮಿಲಿಲೀಟರ್ ರಕ್ತದಲ್ಲಿದೆ ಎಂದು ಯಂತ್ರ ಎಲ್ಲರ ವಿಷಯದಲ್ಲೂ ಊಹಿಸುತ್ತದೆ. ವಾಸ್ತವದಲ್ಲಿ ಈ ಅನುಪಾತ ಮನುಷ್ಯನಿಂದ ಮನುಷ್ಯನಿಗೆ, ಗಳಿಗೆಯಿಂದ ಗಳಿಗೆಗೆ ಬದಲಾಗುತ್ತದೆ. ಸರಾಸರಿ 2300ರ ಆಸುಪಾಸು ಇರುವುದರಿಂದ ಹೆಚ್ಚಿನವರಿಗೆ ಯಂತ್ರ ಕಡಿಮೆಯನ್ನೇ ತೋರಿಸುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಒಬ್ಬನ ಅನುಪಾತ 1500 ಇದ್ದರೆ, ಯಂತ್ರ 30 ಎಂದಾಗ ಅವನ ರಕ್ತದಲ್ಲಿರುವುದು ಸುಮಾರು 21 ಮಾತ್ರ. ಉಸಿರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಂಕೆ ಶೇಕಡಾ 6ಕ್ಕೂ ಹೆಚ್ಚು ಏರುತ್ತದೆ. ಜ್ವರ ಬಂದವನ ಗತಿ ತಾವೇ ಊಹಿಸಿ. ಬಾಯಲ್ಲೇ ಉಳಿದ ಆಲ್ಕೋಹಾಲಂತೂ ರಕ್ತಕ್ಕೆ ಸಂಬಂಧವೇ ಇಲ್ಲದೆ ಅಂಕೆಯನ್ನು ಮೇಲಕ್ಕೆ ನೆಗೆಸುತ್ತದೆ. ಆದ್ದರಿಂದಲೇ ಪರೀಕ್ಷೆಗೆ ಮುನ್ನ 15 ನಿಮಿಷ ಕಾಯಬೇಕೆಂಬ ಪದ್ಧತಿ ಬಂದದ್ದು.

ಇವೆಲ್ಲ ತಿಳಿದಿದ್ದ ದೋಷಗಳು, ಇವಕ್ಕೆ ಮದ್ದೂ ಇತ್ತು. ನ್ಯಾಯಾಲಯಗಳಲ್ಲಿ ಯಂತ್ರದ ಮಾನ ಹೋದದ್ದು ಹೆಚ್ಚಾಗಿ ಅದನ್ನು ನೋಡಿಕೊಳ್ಳಬೇಕಾದ ಮನುಷ್ಯರಿಂದ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಆರೋಪಿಗಳ ಪರ ತಜ್ಞರು ಆಲ್ಕೋಟೆಸ್ಟ್ ಯಂತ್ರದ ಸಾಫ್ಟ್‌ವೇರನ್ನೇ ತೆರೆಸಿ ಪರಿಶೀಲಿಸಿದರು. ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಒಂದು ದೋಷವನ್ನು ಸರಿಪಡಿಸಲು ಹೇಳಿ, ಯಂತ್ರ ಒಟ್ಟಾರೆ ವಿಶ್ವಾಸಾರ್ಹ ಎಂದಿತು. ಹತ್ತು ವರ್ಷಗಳ ನಂತರ, 2018ರಲ್ಲಿ, ಅದೇ ಕೋರ್ಟು 20,000ಕ್ಕೂ ಹೆಚ್ಚು ಪರೀಕ್ಷೆಗಳನ್ನು ಸಾಕ್ಷ್ಯವಾಗಿ ಒಪ್ಪಲಾಗದೆಂದು ತಳ್ಳಿಹಾಕಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ: ಯಂತ್ರವನ್ನು ಸರಿಹೊಂದಿಸುವಾಗ ಒಂದು ಥರ್ಮಾಮೀಟರ್ ಅದ್ದಿ ದ್ರಾವಣದ ಉಷ್ಣತೆ ನೋಡಬೇಕಿತ್ತು, ಪೊಲೀಸ್ ಸಿಬ್ಬಂದಿಯೊಬ್ಬ ಆ ಹಂತವನ್ನು ಬಿಟ್ಟು ಕಾಗದದಲ್ಲಿ ಮಾತ್ರ ಮಾಡಿದಂತೆ ಬರೆದಿದ್ದ ಎಂಬುದು ಆರೋಪ. ಮ್ಯಾಸಚೂಸೆಟ್ಸ್‌ನಲ್ಲಿ ಸರಕಾರಿ ಕಚೇರಿಯೇ ಯಂತ್ರಗಳು ಪರೀಕ್ಷೆಯಲ್ಲಿ ವಿಫಲವಾದ ದಾಖಲೆಗಳನ್ನು ಮುಚ್ಚಿಟ್ಟಿತ್ತು. 2023ರ ತೀರ್ಪಿನಿಂದ ಅಲ್ಲಿ 2011ರಿಂದ 2019ರವರೆಗಿನ ಪರೀಕ್ಷೆಗಳು ಸಾಕ್ಷ್ಯದ ಬೆಲೆ ಕಳೆದುಕೊಂಡವು. ಸುಮಾರು 27,000 ಮಂದಿಯ ಪ್ರಕರಣಗಳಿಗೆ ಅದು ತಟ್ಟಿತು. ಅವರಲ್ಲಿ ನಿಜವಾಗಿ ಕುಡಿದಿದ್ದವರೂ ಇದ್ದಿರಲೇಬೇಕು. ಯಂತ್ರದ ಬಗ್ಗೆ ಅಜಾಗ್ರತೆ ತೋರಿದರೆ ನಿರಪರಾಧಿಯಷ್ಟೇ ಅಲ್ಲ, ಬೀದಿಯಲ್ಲಿ ನಡೆಯುವ ನಮ್ಮ ಮಕ್ಕಳೂ ಅದರ ಬೆಲೆ ತೆರುತ್ತಾರೆ.

ನಮ್ಮ ದೇಶದ ಕಥೆ ಚಿಕ್ಕದು. ಬಾಯಿಂದ ಬರುವ ವಾಸನೆ, ತಡವರಿಸುವ ನಡಿಗೆ, ಹಿಗ್ಗಿದ ಕಣ್ಣಿನ ಪಾಪೆ ಇವಿಷ್ಟರಿಂದಲೇ ಒಬ್ಬ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಇಬ್ನು ಖುದಾಮರ ಮಾತಿಗೂ ಇದಕ್ಕೂ ಏಳು ಶತಮಾನಗಳ ಅಂತರ! 1988ರ ಮೋಟಾರು ವಾಹನ ಕಾಯ್ದೆ ಮೊದಲಿಗೆ ಎಷ್ಟೇ ಅಲ್ಪ ಪ್ರಮಾಣವಿದ್ದರೂ ಅಪರಾಧ ಎಂದಿತ್ತು. 1994ರ ತಿದ್ದುಪಡಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿ ಇಟ್ಟು, ಅದನ್ನು ಅಳೆಯುವ ಹೊಣೆಯನ್ನು ಉಸಿರು ಯಂತ್ರಕ್ಕೆ ವಹಿಸಿತು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿತು, ಮೊದಲ ಅಪರಾಧದ ದಂಡವನ್ನು 10,000 ರೂಪಾಯಿಗೆ ಏರಿಸಿತು. ಬ್ರಿಟನ್ನಿನ ಮಿತಿ 1967ರ ಕಾಯ್ದೆಯಲ್ಲಿ 80 ಇತ್ತು. ನಮ್ಮ ಮಿತಿ 30 ಆದ್ದರಿಂದ ಸಣ್ಣ ತಪ್ಪೂ ಇಲ್ಲಿ ದೊಡ್ಡದಾಗುತ್ತದೆ.

ಈಗ ಹಣ್ಣಿನ ಮಾತು. 2025ರ ಜುಲೈಯಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಬೆಳಗಿನ ತಪಾಸಣೆಯಲ್ಲಿ ಚಾಲಕರು ಸಿಕ್ಕಿಬಿದ್ದರು. ಕುಡಿದಿಲ್ಲವೆಂದು ಅವರು ಪಟ್ಟುಹಿಡಿದರು. ಅವರು ತಿಂದದ್ದು ಹೆಚ್ಚು ಮಾಗಿದ ಹಲಸಿನ ತೊಳೆ. ಆಗ ಯಂತ್ರದಲ್ಲಿ ಸೊನ್ನೆ ತೋರಿಸಿದ್ದ ಒಬ್ಬರಿಗೆ ಅದೇ ಹಲಸು ತಿನ್ನಿಸಿ ಮತ್ತೆ ಊದಿಸಿದರು; ಯಂತ್ರ ಅವರನ್ನೂ ಕುಡುಕರ ಪಟ್ಟಿಗೆ ಸೇರಿಸಿತು. ಆ ಚಾಲಕರ ಮಾನ ಉಳಿದದ್ದು ಇನ್ನೊಮ್ಮೆ ಪರೀಕ್ಷಿಸಿ ನೋಡುವ ವ್ಯವಧಾನ ಅಲ್ಲಿನವರಿಗೆ ಇದ್ದುದರಿಂದ. ಅದೇ ವರ್ಷ ಕೇರಳ ಹೈಕೋರ್ಟು, ಆರೋಪಿ ಊದುವ ಮುನ್ನ ಯಂತ್ರ ಬರೀ ಗಾಳಿಗೆ ಸೊನ್ನೆ ತೋರಿಸಿರಬೇಕು ಎಂದು ಹೇಳಿತು.

ಕಾನೂನು ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಕಾಯ್ದೆಯ 203 ಮತ್ತು 204ನೇ ಕಲಮುಗಳನ್ನು ಒಮ್ಮೆ ಜೊತೆಯಾಗಿ ಓದಲಿ. ಮೊದಲನೆಯದು ಉಸಿರಿನ ಪರೀಕ್ಷೆಯದು, ಎರಡನೆಯದು ಬಂಧಿತನ ರಕ್ತವನ್ನು ವೈದ್ಯರ ಮೂಲಕ ಪರೀಕ್ಷೆಗೆ ಪಡೆಯುವುದು. ಊದಿದ ಉಸಿರು ಗಾಳಿಗೆ ಸೇರಿದ ಮೇಲೆ ಮತ್ತೆ ಸಿಗುವುದಿಲ್ಲ. ಸೀಸೆಯಲ್ಲಿ ಮೊಹರು ಮಾಡಿಟ್ಟ ರಕ್ತವನ್ನು ಇನ್ನೊಬ್ಬರು ಇನ್ನೊಂದು ದಿನ ಪರೀಕ್ಷಿಸಬಹುದು.