ಟೀಪುವಿನ ಹಡಗುಪಡೆ

ಸವಣೂರು, ಹಾನಗಲ್ಲು ಸೀಮೆಯಲ್ಲಿ ಟೀಪು ಎಂದರೆ ನೆನಪಾಗುವುದು 1786ರಲ್ಲಿ ಸವಣೂರನ್ನು ಹಿಡಿದ ದಂಡು. ಹತ್ತು ವರ್ಷಗಳ ಬಳಿಕ ಅದೇ ಸುಲ್ತಾನನು ಕಡಲಿನತ್ತ ಮುಖ ಮಾಡಿದುದನ್ನು ನಾವು ಮರೆತಿದ್ದೇವೆ.

1796ರಲ್ಲಿ ಅವನು ಹನ್ನೊಂದು ಮಂದಿಯ ನೌಕಾಮಂಡಲಿಯನ್ನು ನೇಮಿಸಿ, 40ಕ್ಕೆ ಕಡಮೆಯಿಲ್ಲದಷ್ಟು ಯುದ್ಧನೌಕೆಗಳನ್ನು ಮಂಗಳೂರು, ಮಿರ್ಜಾನದ ಆಸುಪಾಸಿನಲ್ಲಿ ಕಟ್ಟಿಸಲು ಅಪ್ಪಣೆಯಿತ್ತನು. ನನಗೆ ಸೋಜಿಗವೆನಿಸುವುದು ಮರದ ಲೆಕ್ಕವಲ್ಲ, ಮಂದಿಯ ಲೆಕ್ಕ. ಹಡಗು ನೀರಿಗಿಳಿಯುವ ಮುನ್ನವೇ ಅದರೊಳಗಿನ ಕಟ್ಟುಪಾಡು ಗೊತ್ತಾಗಿತ್ತು. ದೊಡ್ಡ ಹಡಗಿಗೆ ನಾಲ್ವರು ಸರದಾರರು: ಒಬ್ಬನಿಗೆ ಇಡೀ ಹಡಗು, ಒಬ್ಬನಿಗೆ ತೋಪು-ಮದ್ದು, ಒಬ್ಬನಿಗೆ ಬಂದೂಕಿನವರು, ಇನ್ನೊಬ್ಬನಿಗೆ ಖಲಾಸಿಗಳು. ಚೊಚ್ಚಲ ಯಾತ್ರೆಗೆ ಹಲಗೆಯಷ್ಟೇ ಹೊಣೆಯೂ ಬೇಕೆಂದು ಒಳನಾಡಿನ ಈ ಅರಸನಿಗೆ ತಿಳಿದಿತ್ತು. ತಿಳಿದದ್ದು ತಡವಾಗಿ, ಅಷ್ಟೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಪಡೆಯ ಬಹುಪಾಲು ಇನ್ನೂ ಕಾಗದದ ಮೇಲೆಯೇ ಇತ್ತು.