ಶಿಲಾ ಸಂಗ್ರಹ ಮತ್ತು ಅಣು ಅಯಾನು: ಚಿತ್ರದುರ್ಗದ ಕಲ್ಲುಗಳ ವಯೋನಿರ್ಣಯ

ವೇದಾವತಿ ನದಿಯು ಹೊಸದುರ್ಗ ತಾಲ್ಲೂಕನ್ನು ಹಾಯ್ದು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ಸೇರುತ್ತದೆ. ಈ ಪ್ರದೇಶದ ಶಿಲೆಗಳು ಭಾರತದ ಅತಿ ಪ್ರಾಚೀನ ಶಿಲೆಗಳ ಸಾಲಿನಲ್ಲಿ ನಿಲ್ಲುತ್ತವೆ. ಗದಗದಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಸಮೀಪದವರೆಗೆ ಹಬ್ಬಿರುವ ಶಿಸ್ಟ್ ಶಿಲೆಗಳ ಪಟ್ಟಿಗೆ ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರನ್ನೇ ಇಟ್ಟಿದ್ದಾರೆ. ಇದರ ಸ್ತರಗಳಿಗೂ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂಬ ಸ್ಥಳನಾಮಗಳೇ ಇವೆ. ಈ ಶಿಲೆಗಳ ವಯಸ್ಸನ್ನೂ ಅವು ರೂಪುಗೊಂಡ ಕಾಲದ ವಾತಾವರಣವನ್ನೂ ಅರಿಯಲು ಎರಡು ಆಧಾರಗಳು ಬೇಕಾಗುತ್ತವೆ: ಜೋಪಾನವಾಗಿ ಕಾಪಾಡಿದ ಮಾದರಿ ಮತ್ತು ಅಯಾನುಗಳನ್ನು ತೂಗುವ ಯಂತ್ರ.

ಸಂಗ್ರಹದ ಆರಂಭ

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಭಾರತದ ಈ ಪ್ರಾಚೀನ ಶಿಲಾಸ್ತರಗಳನ್ನು ಪ್ರತ್ಯೇಕವಾಗಿ ಗುರುತಿಸಿ 'ಧಾರವಾಡ' ಎಂಬ ಹೆಸರು ನೀಡಿದವರೂ ಅವರೇ. ಅವರು ಕೂಡಿಹಾಕಿದ್ದ ಪ್ರಾಗೈತಿಹಾಸಿಕ ಶಿಲಾಯುಧಗಳ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರ ಕೊಂಡುಕೊಂಡಿತು. ಅದರ ವಿವರವಾದ ಪಟ್ಟಿ ಅವರ ಮರಣಾನಂತರ, 1914ರಲ್ಲಿ, ಅಚ್ಚಾಯಿತು. ಯಾವ ವಸ್ತು ಯಾವ ಊರಿನಲ್ಲಿ ದೊರೆಯಿತು ಎಂಬುದು ಬರಹದಲ್ಲಿ ಉಳಿದಿರುವ ಕಾರಣ ಆ ಸಂಗ್ರಹ ಇಂದಿಗೂ ಸಂಶೋಧಕರಿಗೆ ಉಪಯುಕ್ತವಾಗಿದೆ. ದೊರೆತ ಸ್ಥಳ ಮತ್ತು ಸ್ತರದ ವಿವರವಿಲ್ಲದ ಕಲ್ಲು ಎಷ್ಟೇ ಹಳೆಯದಾಗಿದ್ದರೂ ಸಂಶೋಧನೆಗೆ ಹೆಚ್ಚು ನೆರವಾಗದು.

ಅಣು ಅಯಾನು ಎಂದರೇನು?

ಪರಮಾಣುವೊಂದು ಎಲೆಕ್ಟ್ರಾನನ್ನು ಕಳೆದುಕೊಂಡರೆ ಅಥವಾ ಪಡೆದುಕೊಂಡರೆ ಅದು ವಿದ್ಯುದಂಶವುಳ್ಳ ಅಯಾನಾಗುತ್ತದೆ. ಎರಡು ಅಥವಾ ಹೆಚ್ಚು ಪರಮಾಣುಗಳು ಕೂಡಿಕೊಂಡೇ ವಿದ್ಯುದಂಶ ಹೊತ್ತರೆ ಅದನ್ನು ಅಣು ಅಯಾನು ಎನ್ನಬಹುದು. ದ್ರವ್ಯರಾಶಿ ರೋಹಿತಮಾಪಕವು ಕಾಂತಕ್ಷೇತ್ರದ ಸಹಾಯದಿಂದ ಅಯಾನುಗಳನ್ನು ಅವುಗಳ ರಾಶಿಗೆ ಅನುಗುಣವಾಗಿ ಬೇರ್ಪಡಿಸಿ ಎಣಿಸುತ್ತದೆ. ಶಿಲೆಗಳ ಅಧ್ಯಯನದಲ್ಲಿ ಅಣು ಅಯಾನು ಒಮ್ಮೆ ಅಡ್ಡಿಯಾಗಿ, ಮತ್ತೊಮ್ಮೆ ಸಾಧನವಾಗಿ ಎದುರಾಗುತ್ತದೆ.

ಜಿರ್ಕಾನ್ ಹರಳಿನ ಗಡಿಯಾರ

ಜ್ವಾಲಾಮುಖಿ ಶಿಲೆ ಮತ್ತು ಗ್ರಾನೈಟುಗಳಲ್ಲಿ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳಿರುತ್ತವೆ. ರೂಪುಗೊಳ್ಳುವಾಗ ಈ ಹರಳು ಯುರೇನಿಯಂ ಅನ್ನು ಒಳಸೇರಿಸಿಕೊಳ್ಳುತ್ತದೆ. ಸೀಸಕ್ಕೆ ಬಹುಮಟ್ಟಿಗೆ ಎಡೆಗೊಡುವುದಿಲ್ಲ. ಯುರೇನಿಯಂ-238 ಕ್ರಮೇಣ ಸೀಸ-206 ಆಗಿ ಮಾರ್ಪಡುತ್ತದೆ. ಅದರ ಅರ್ಧಾಯು ಸುಮಾರು 447 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗುತ್ತದೆ. ಅದರ ಅರ್ಧಾಯು ಸುಮಾರು 70 ಕೋಟಿ ವರ್ಷ. ಆದ್ದರಿಂದ ಹರಳಿನಲ್ಲಿರುವ ಈ ಸೀಸಗಳ ಪ್ರಮಾಣವೇ ಅದರ ವಯಸ್ಸನ್ನು ತಿಳಿಸುತ್ತದೆ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕಾಂಪ್‌ಸ್ಟನ್ ಅವರ ನೇತೃತ್ವದಲ್ಲಿ ನಿರ್ಮಾಣವಾದ 'ಶ್ರಿಂಪ್' ಯಂತ್ರ 1980ರ ದಶಕದ ಆರಂಭದಿಂದ ಈ ಕೆಲಸ ಮಾಡತೊಡಗಿತು. ಹರಳಿನ ಮೇಲೆ ಆಮ್ಲಜನಕದ ಅಯಾನುಗಳ ಕಿರಣವನ್ನು ಹಾಯಿಸಿ, ಅಲ್ಲಿಂದ ಚಿಮ್ಮುವ ಅಯಾನುಗಳನ್ನು ಅದು ತೂಗುತ್ತದೆ. ತೊಡಕು ಉಂಟಾಗುವುದು ಇಲ್ಲಿಯೇ. ಜಿರ್ಕಾನ್‌ನಲ್ಲಿ ಹ್ಯಾಫ್ನಿಯಂ ಮತ್ತು ಸಿಲಿಕಾನ್ ಕೂಡ ಇವೆ. ಹ್ಯಾಫ್ನಿಯಂ-178 ಮತ್ತು ಸಿಲಿಕಾನ್-28 ಜೊತೆಗೂಡಿ ಚಿಮ್ಮಿದರೆ ಆ ಅಣು ಅಯಾನಿನ ಒಟ್ಟು ರಾಶಿ 206 ಆಗುತ್ತದೆ. ಹ್ಯಾಫ್ನಿಯಂ-179 ಆದರೆ 207. ಸಾಮಾನ್ಯ ಯಂತ್ರ ಇವನ್ನು ಸೀಸವೆಂದೇ ಎಣಿಸುತ್ತದೆ. ಆಗ ಸೀಸ-207ರ ಪಾಲು ಇರುವುದಕ್ಕಿಂತ ಹೆಚ್ಚೆಂದು ಕಂಡು, ಕಲ್ಲಿನ ವಯಸ್ಸು ತಪ್ಪಾಗಿ ಹಿರಿದಾಗುತ್ತದೆ.

ಆದರೆ ಎರಡರ ನಿಖರ ರಾಶಿಗಳು ಒಂದೇ ಅಲ್ಲ. ಸೀಸ-206ರದು 205.974 ಮಾನವಾದರೆ ಆ ಅಣು ಅಯಾನಿನದು 205.921. ಅಂದರೆ ವ್ಯತ್ಯಾಸ ಸುಮಾರು 3,800ರಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮ ಅಂತರವನ್ನು ಬಿಡಿಸುವ ಸಲುವಾಗಿಯೇ ಶ್ರಿಂಪ್ ಯಂತ್ರಕ್ಕೆ ಅಷ್ಟು ದೊಡ್ಡ ಕಾಂತವನ್ನು ಅಳವಡಿಸಲಾಯಿತು.

ಅಲೆನ್ ನಟ್‌ಮನ್, ಬ್ರಯನ್ ಚಾಡ್ವಿಕ್, ಬಿ. ಕೃಷ್ಣರಾವ್ ಮತ್ತು ವಿ.ಎನ್. ವಾಸುದೇವ್ ಅವರು 1996ರಲ್ಲಿ ಈ ವಿಧಾನದಿಂದ ಚಿತ್ರದುರ್ಗ ಸಮೂಹದ ಜ್ವಾಲಾಮುಖಿ ಶಿಲೆಯ ವಯಸ್ಸನ್ನು ಪ್ರಕಟಿಸಿದರು. ಈ ಸಮೂಹಕ್ಕೆ ಸೇರಿದ ದಾಗಿನಕಟ್ಟೆ ಸ್ತರದ ಶಿಲೆಯ ವಯಸ್ಸು ಸುಮಾರು 261 ಕೋಟಿ ವರ್ಷ ಎಂದು ತಿಳಿಯಿತು. ಇದಕ್ಕಿಂತ ಹಿರಿಯದಾದ ಸರಗೂರು ಸಮೂಹದ ಕೆಲವು ಜಿರ್ಕಾನ್ ಕಣಗಳು 350 ಕೋಟಿ ವರ್ಷವನ್ನೂ ದಾಟಿದವು ಎಂದು 1992ರ ಅಧ್ಯಯನ ತೋರಿಸಿತ್ತು.

ಘಟ್ಟಿಹೊಸಹಳ್ಳಿಯ ಬೆರೈಟ್

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸರಗೂರು ಸಮೂಹಕ್ಕೆ ಸೇರಿದ ಬೆರೈಟ್ ಪದರಗಳಿವೆ. ಕರ್ನಾಟಕದ ಇಂತಹ ಬೆರೈಟ್ ಪದರಗಳ ಕುರಿತು ಬಿ.ಪಿ. ರಾಧಾಕೃಷ್ಣ ಮತ್ತು ಸಿ. ಶ್ರೀನಿವಾಸಯ್ಯ 1974ರಲ್ಲಿ ಬರೆದಿದ್ದರು. ಬೆರೈಟ್ ಎಂದರೆ ಬೇರಿಯಂ ಸಲ್ಫೇಟ್, ಅದರಲ್ಲಿ ಗಂಧಕವಿದೆ. ಗಂಧಕದ ನಾಲ್ಕು ಸ್ಥಿರ ಸಮಸ್ಥಾನಿಗಳ ಪ್ರಮಾಣವನ್ನು ಅಳೆದರೆ ಭೂಮಿಯ ವಾತಾವರಣದಲ್ಲಿ ಆಮ್ಲಜನಕ ತೀರಾ ವಿರಳವಾಗಿದ್ದ ಕಾಲದ ಗುರುತು ದೊರೆಯುತ್ತದೆ. ಈ ಗುರುತನ್ನು ಜೇಮ್ಸ್ ಫಾರ್ಕರ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ತೋರಿಸಿಕೊಟ್ಟರು.

ಇಲ್ಲಿ ಅಣು ಅಯಾನೇ ಸಾಧನ. ಮಾದರಿಯ ಗಂಧಕವನ್ನು ಫ್ಲೋರೀನ್ ಜೊತೆ ಸಂಯೋಜಿಸಿ ಅನಿಲವಾಗಿಸುತ್ತಾರೆ. ರೋಹಿತಮಾಪಕದಲ್ಲಿ ಅದು ಒಂದು ಗಂಧಕ, ಐದು ಫ್ಲೋರೀನ್ ಪರಮಾಣುಗಳ ಅಣು ಅಯಾನಾಗುತ್ತದೆ. ಫ್ಲೋರೀನ್‌ಗೆ ಪ್ರಕೃತಿಯಲ್ಲಿ ಒಂದೇ ಸಮಸ್ಥಾನಿ ಇರುವುದರಿಂದ ರಾಶಿಯಲ್ಲಿ ಕಾಣುವ ವ್ಯತ್ಯಾಸವೆಲ್ಲ ಗಂಧಕದ್ದೇ ಆಗಿರುತ್ತದೆ. ಫ್ರಾನ್ಸ್ ಮತ್ತು ಭಾರತದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಲುಕಿದ ಮೇಲೂ ಸರಗೂರು ಸಮೂಹದ ಬೆರೈಟ್‌ನಲ್ಲಿ ಗಂಧಕದ ಮೂಲ ಗುರುತು ಉಳಿದುಕೊಂಡಿದೆ.

ಮಾದರಿ ಏಕೆ ಉಳಿಯಬೇಕು?

ಶ್ರಿಂಪ್ ಕಿರಣವು ಹರಳಿನಲ್ಲಿ ಕೂದಲೆಳೆಗಿಂತ ಕಿರಿದಾದ ಕುಳಿಯನ್ನಷ್ಟೇ ಮಾಡುತ್ತದೆ. ಉಳಿದ ಭಾಗವನ್ನು ಮತ್ತೊಮ್ಮೆ ಪರೀಕ್ಷಿಸಬಹುದು. ಗಂಧಕದ ಪರೀಕ್ಷೆ ಹಾಗಲ್ಲ; ಬಳಸಿದ ಪುಡಿ ಮರಳಿ ದೊರೆಯದು. ಆದ್ದರಿಂದ ಮಾದರಿಯ ಒಂದು ಭಾಗವನ್ನು ಮುಟ್ಟದೆ ಎತ್ತಿಡುವುದು ಅವಶ್ಯಕ. 1974ರಲ್ಲಿ ಬೆರೈಟ್ ಬಗ್ಗೆ ಬರೆದಾಗ, 2000ದಲ್ಲಿ ಬೆಳಕಿಗೆ ಬಂದ ಗಂಧಕದ ಗುರುತು ಯಾರ ಊಹೆಯಲ್ಲಿಯೂ ಇರಲಿಲ್ಲ.

ಹಿರಿಯೂರು ಸಮೀಪದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಎಲ್ಲ ಬಂಡೆಗಳಿಗೂ ಆ ಮನ್ನಣೆ ಇಲ್ಲ. ಗಣಿ, ಕ್ವಾರಿ, ರಸ್ತೆ ಮತ್ತು ಜಲಾಶಯಗಳಿಗೆ ಬಲಿಯಾದ ಬಂಡೆಯನ್ನು ಮತ್ತೆ ನೋಡಲಾಗದು. ಅಂತಹ ಕಡೆಗಳಲ್ಲಿ, ದೊರೆತ ಸ್ಥಳ, ಸ್ತರ ಮತ್ತು ದಿನಾಂಕ ಬರೆದು ಪೆಟ್ಟಿಗೆಯಲ್ಲಿ ಇರಿಸಿದ ಮಾದರಿಯೊಂದೇ ಮುಂದಿನ ಸಂಶೋಧಕರಿಗೆ ದೊರೆಯುವ ಸಾಕ್ಷ್ಯವಾಗಿರುತ್ತದೆ.