ಎರೆನೆಲದ ಜೋಳಕ್ಕೆ ಹತ್ತಿದ ಕಾಡಿಗೆ

ಜೋಳದ ಕಾಳು ಕಾಡಿಗೆ ರೋಗ ಶಿಲೀಂಧ್ರದಿಂದ ಬರುತ್ತದೆ. ರೋಗ ಹತ್ತಿದ ತೆನೆಯಲ್ಲಿ ಕಾಳಿನ ಜಾಗಕ್ಕೆ ಬೂದುಬಣ್ಣದ, ತುಸು ಉದ್ದನೆಯ ಚೀಲಗಳು ಬೆಳೆಯುತ್ತವೆ. ಬೆರಳಿನಿಂದ ಹಿಸುಕಿದರೆ ಹಿಟ್ಟಿನ ಬದಲು ಕರಿಪುಡಿ ಉದುರುತ್ತದೆ.

ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಮಾತಿರುವ ವಿಜಯಪುರ ಜಿಲ್ಲೆಗೆ ಈ ರೋಗ ಹಳೆಯದು. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ದ್ರಾಕ್ಷಿ ಹಬ್ಬುವ ಮೊದಲು ಹಿಂಗಾರಿ ಬಿಳಿಜೋಳವೇ ಬಾಳಿನ ಆಧಾರ. ರೈತ ತನ್ನ ರಾಶಿಯಿಂದಲೇ ಬೀಜ ಎತ್ತಿಡುತ್ತಿದ್ದ. ರೋಗ ಉಳಿದುಬಂದದ್ದೂ ಅದೇ ದಾರಿಯಲ್ಲಿ. ಕಣದಲ್ಲಿ ಹಂತಿ ಹೂಡಿ ತೆನೆ ತುಳಿಸುವಾಗ ಕಾಡಿಗೆ ಚೀಲಗಳು ಒಡೆದು, ಪುಡಿ ಒಳ್ಳೆಯ ಕಾಳಿಗೂ ಮೆತ್ತಿಕೊಳ್ಳುತ್ತಿತ್ತು. ಮುಂದಿನ ಹಂಗಾಮಿನಲ್ಲಿ ಕೂರಿಗೆಯಿಂದ ಬೀಜದ ಜೊತೆಗೇ ಅದೂ ಮಣ್ಣಿಗಿಳಿಯುತ್ತಿತ್ತು. ಮೊಳಕೆ ನೆಲದಿಂದ ಮೇಲೇಳುವ ಮೊದಲೇ ಶಿಲೀಂಧ್ರ ಒಳಹೊಕ್ಕು ಸುಳಿಯೊಂದಿಗೆ ಬೆಳೆಯುತ್ತದೆ. ಪೈರು ಮಾತ್ರ ತೆನೆ ಬರುವವರೆಗೂ ಆರೋಗ್ಯವಾಗಿಯೇ ಕಾಣುತ್ತದೆ. ಹಿಂಗಾರಿಯ ತಂಪು ನೆಲ ಈ ರೋಗಕ್ಕೆ ಅನುಕೂಲ.

ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಇದರ ಅಧ್ಯಯನ ನಡೆದದ್ದು ಪುಣೆಯ ಕಡೆ. ಜಿ. ಎಸ್. ಕುಲಕರ್ಣಿ ಅವರು ಮುಂಬಯಿ ಪ್ರಾಂತದ ಜೋಳದ ಕಾಡಿಗೆ ರೋಗಗಳ ಬಗ್ಗೆ ಬರೆದ ಪುಸ್ತಿಕೆ 1918ರಲ್ಲಿ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಿಂದ ಹೊರಬಂತು. ಜೋಳಕ್ಕೆ ತಗಲುವ ಕಾಡಿಗೆ ನಾಲ್ಕು ಬಗೆ: ಕಾಳು ಕಾಡಿಗೆ, ಬಿಡಿ ಕಾಡಿಗೆ, ಉದ್ದ ಕಾಡಿಗೆ, ತೆನೆ ಕಾಡಿಗೆ.

ಅಂಗಾಂಶದ ಬೆಳವಣಿಗೆ ಹೇಗೆ ದಾರಿ ತಪ್ಪುತ್ತದೆ ಎಂಬುದು ತೆನೆ ಕಾಡಿಗೆಯಲ್ಲಿ ಅತಿ ಸ್ಪಷ್ಟ. ಇಡೀ ತೆನೆಯೇ ಬಿಳಿಪೊರೆಯ ಗಂಟಾಗುತ್ತದೆ. ಕೆಲವೊಮ್ಮೆ ಹೂವಿನ ಜಾಗದಲ್ಲಿ ಎಲೆಗಳೇ ಚಿಗುರುತ್ತವೆ. ಬಿಡಿ ಕಾಡಿಗೆ ತಗುಲಿದ ಗಿಡ ಗಿಡ್ಡವಾಗಿ, ಮಿತಿಮೀರಿ ಮರಿ ಒಡೆಯುತ್ತದೆ. ಕಾಡಿಗೆ ಗುಂಪಿನದೇ ಇನ್ನೊಂದು ಶಿಲೀಂಧ್ರ ಗೋವಿನಜೋಳದಲ್ಲಿ ದೊಡ್ಡ ಗಂಟುಗಳನ್ನೇ ಎಬ್ಬಿಸುತ್ತದೆ. ಅದು ಗಿಡದೊಳಕ್ಕೆ ಬಿಡುವ ಸೀ1 ಎಂಬ ಪ್ರೋಟೀನು, ಬೆಳವಣಿಗೆ ಮುಗಿಸಿದ ಎಲೆಯ ಜೀವಕೋಶಗಳಲ್ಲಿ ಡಿಎನ್‌ಎ ತಯಾರಿಯನ್ನು ಮತ್ತೆ ಶುರುಮಾಡಿಸುತ್ತದೆ ಎಂದು 2015ರಲ್ಲಿ ತಿಳಿದುಬಂತು. ಗಿಡದ ಜೀವಕೋಶಗಳು ಗಟ್ಟಿ ಗೋಡೆಯೊಳಗೆ ಕೂತಿರುವುದರಿಂದ ಇಂಥ ಗಂಟಿನ ಕೋಶಗಳು ಪ್ರಾಣಿಗಳ ಕ್ಯಾನ್ಸರ್ ಕೋಶಗಳ ಹಾಗೆ ಕಳಚಿ ಬೇರೆಡೆಗೆ ಹೋಗಿ ನೆಲೆಸಲಾರವು.

ಕಾಳು ಕಾಡಿಗೆಯ ಮದ್ದಿನ ಮೂಲ ಫ್ರಾನ್ಸಿನಲ್ಲಿದೆ. ಗೋಧಿಯ ಇಂಥದೇ ರೋಗಕ್ಕೆ ಶಿಲೀಂಧ್ರ ಕಾರಣವೆಂದೂ ತಾಮ್ರ ಅದನ್ನು ತಡೆಯಬಲ್ಲದೆಂದೂ ಬೆನೆಡಿಕ್ಟ್ ಪ್ರೆವೋ 1807ರಲ್ಲಿ ತೋರಿಸಿದ್ದ. ಜೋಳದ ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದುವ ಪದ್ಧತಿ ಇದರಿಂದಲೇ ಬಂದದ್ದು. ಆದರೆ ಹೊತ್ತು ಮೀರಿದರೆ ಬೀಜ ಮೊಳೆಯದು, ಅದ್ದಿದ ಬೀಜ ಒಣಗಬೇಕು. ಹಸಿ ಆರುವ ಮೊದಲು ಬಿತ್ತಿ ಮುಗಿಸಬೇಕಾದ ಎರೆಹೊಲದ ರೈತನಿಗೆ ಅಷ್ಟು ಪುರಸೊತ್ತೆಲ್ಲಿ? ಗಂಧಕದ ಪುಡಿ ಬಂದ ಮೇಲೆ ಈ ತೊಡಕು ತೀರಿತು. ಕಿಲೋ ಬೀಜಕ್ಕೆ 4 ಗ್ರಾಂ ನುಣ್ಣನೆಯ ಗಂಧಕ ಹಾಕಿ, ಮಡಿಕೆಯಲ್ಲೋ ಡಬ್ಬಿಯಲ್ಲೋ ಕಲಸಿ ಅಲುಗಾಡಿಸಿ, ಒಣಗಿದ್ದಂತೆಯೇ ಬಿತ್ತಬಹುದು. ಒಣಬೇಸಾಯದ ಬಡ ರೈತನ ಕೈಗೆ ಕೃಷಿ ಇಲಾಖೆ ಕೊಟ್ಟ ಅಗ್ಗದ, ಅಷ್ಟೇ ಬೆಲೆಬಾಳುವ ವಸ್ತುಗಳಲ್ಲಿ ಈ ಪುಡಿಗೆ ಮೊದಲ ಸಾಲಿನ ಜಾಗ ಸಲ್ಲಬೇಕು. ಬಳಿಕ ಥೈರಾಮ್, ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕಗಳು ಬಂದವು.

ತೆನೆ ಕಾಡಿಗೆ ಮಣ್ಣಿನಿಂದ, ಉದ್ದ ಕಾಡಿಗೆ ಗಾಳಿಯಿಂದ ಬರುವುದರಿಂದ ಇವಕ್ಕೆ ಗಂಧಕ ಸಾಲದು. ರೋಗದ ತೆನೆಗಳನ್ನು ಒಡೆಯುವ ಮೊದಲೇ ಚೀಲದೊಳಗೆ ಕೊಯ್ದು ಸುಡುವುದು, ತೆನೆ ಕಾಡಿಗೆ ಬಿದ್ದ ಹೊಲದಲ್ಲಿ ಕಡಲೆಯಂಥ ಬೇರೆ ಬೆಳೆ ಹಾಕುವುದು ಇಂದಿಗೂ ಹೇಳುವ ಉಪಾಯ.